ರದ್ದಾದ ಡ್ರಾಯಿಂಗ್‌ಗಳೆಲ್ಲ ನಾಶವಾಗಿವೆ ಎಂದು ಬರೆದುಕೊಡುವುದು ಹೇಗೆ?

ಪೀಣ್ಯ_ಕ್ಯೂಎ:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಮಧ್ಯಮ ಗಾತ್ರದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಘಟಕದಲ್ಲಿ ಗುಣಮಟ್ಟ ವಿಭಾಗದ ಹೊಣೆ ನನ್ನದು. ವಾಹನಗಳ ಬಿಡಿಭಾಗಗಳ ಜೊತೆಗೆ ಈಚೆಗೆ ವಿಮಾನದ ಬಿಡಿಭಾಗಗಳ ಕೆಲಸವನ್ನೂ ಒಪ್ಪಿಕೊಂಡಿದ್ದೇವೆ. ಆ ಗ್ರಾಹಕರು ಕಳಿಸಿರುವ ಹೊಸ ಖರೀದಿ ಷರತ್ತುಗಳಲ್ಲಿ ಒಂದು ಷರತ್ತು ಹೀಗಿದೆ: ಡ್ರಾಯಿಂಗಿನ ಹೊಸ ರಿವಿಷನ್ (ತಿದ್ದಿದ ಆವೃತ್ತಿ) ಬಂದಾಗ ಹಳೆಯದರ ಎಲ್ಲ ಪ್ರತಿಗಳನ್ನು ಹಿಂದಿರುಗಿಸಬೇಕು, ಇಲ್ಲವೇ ನಾಶಪಡಿಸಿ ಅದಕ್ಕೆ ಲಿಖಿತ ದೃಢೀಕರಣ ಕೊಡಬೇಕು.

ಕಂಪ್ಯೂಟರಿನಲ್ಲಿರುವ ಕಡತಗಳ ಬಗ್ಗೆ ನನಗೆ ಅಳುಕಿಲ್ಲ. ಅವು ಒಂದೇ ಫೋಲ್ಡರಿನಲ್ಲಿವೆ, ಹಳೆಯದನ್ನು ತೆಗೆದು ಬೇರೆಡೆ ಬೀಗ ಹಾಕಬಹುದು. ಕಷ್ಟವಿರುವುದು ಕಾಗದದಲ್ಲಿ. ಪ್ರೋಗ್ರಾಮರ್, ಪ್ಲ್ಯಾನಿಂಗ್, ತಪಾಸಣೆ, ಖರೀದಿ ಈ ನಾಲ್ಕೂ ಕಡೆ ಡ್ರಾಯಿಂಗ್ ಮುದ್ರಿಸಿಕೊಳ್ಳುವ ಅವಕಾಶವಿದೆ. ಅಲ್ಲಿಂದ ಯಂತ್ರದ ಬಳಿಗೆ ಒಂದು, ಲೇಪನಕ್ಕೆ ಕಳಿಸುವ ಮಾಲಿನ ಜೊತೆ ಒಂದು, ಸೂಪರ್‌ವೈಸರ್ ಡ್ರಾಯರಿನಲ್ಲಿ ಇನ್ನೊಂದು. ಒಟ್ಟು ಎಷ್ಟು ಪ್ರತಿಗಳು ಹೊರಬಿದ್ದಿವೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಲೆಕ್ಕವೇ ಇಲ್ಲದಿರುವಾಗ ಎಲ್ಲವನ್ನೂ ನಾಶಪಡಿಸಿದ್ದೇವೆ ಎಂಬ ಪತ್ರಕ್ಕೆ ರುಜು ಹಾಕುವುದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಇದನ್ನು ಪ್ರಾಮಾಣಿಕವಾಗಿ ನಿಭಾಯಿಸಿದವರು ದಯವಿಟ್ಟು ತಿಳಿಸಿ. ನಮ್ಮದು ದೊಡ್ಡ ಸಾಫ್ಟ್‌ವೇರ್ ಕೊಳ್ಳುವಷ್ಟು ಶಕ್ತಿಯಿರುವ ಘಟಕವಲ್ಲ.

ಹಳೇ_ಡ್ರಾಫ್ಟ್ಸ್‌ಮನ್:

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ನಾಶದ ಲೆಕ್ಕ ನಾಶಪಡಿಸುವ ದಿನ ಹುಟ್ಟುವುದಿಲ್ಲ, ಮುದ್ರಿಸಿದ ದಿನ ಹುಟ್ಟುತ್ತದೆ. ಒಂದು ಹಾಳೆ ಹೊರಬೀಳುವಾಗ ಅದಕ್ಕೊಂದು ಸಂಖ್ಯೆ ಸಿಗದಿದ್ದರೆ, ಅದು ಹಿಂದೆ ಬಂತೋ ಇಲ್ಲವೋ ಎಂದು ಹೇಳಲು ಆಮೇಲೆ ಯಾವ ದಾರಿಯೂ ಇರುವುದಿಲ್ಲ.

ಟ್ರೇಸಿಂಗ್ ಹಾಳೆಯಿಂದ ಅಮೋನಿಯಾದ ನೆರವಿನಿಂದ ನೀಲಿ ಗೆರೆಯ ಪ್ರತಿ ತೆಗೆಯುವ ಅಮೋನಿಯಾ ಪ್ರಿಂಟ್ ಇದ್ದ ಕಾಲದಲ್ಲಿ ಈ ತೊಂದರೆ ಇಷ್ಟು ದೊಡ್ಡದಾಗಿರಲಿಲ್ಲ. ಮೂಲ ಟ್ರೇಸಿಂಗ್ ಒಂದೇ ಇರುತ್ತಿತ್ತು, ಅದು ಡ್ರಾಯಿಂಗ್ ಕಚೇರಿಯ ಬೀರುವಿನಲ್ಲಿ ಇರುತ್ತಿತ್ತು, ಪ್ರತಿ ತೆಗೆಯುವ ಯಂತ್ರವೂ ಒಂದೇ. ಪ್ರತಿ ಬೇಕಾದವರು ಇಂಡೆಂಟ್ ಬರೆದು ತರಬೇಕಿತ್ತು, ಪ್ರಿಂಟ್ ಕೋಣೆಯ ಗುಮಾಸ್ತರು ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡುತ್ತಿದ್ದರು, ಹೊಸ ರಿವಿಷನ್ ಬಂದಾಗ ಹಳೆಯ ನೀಲಿ ಪ್ರತಿಯನ್ನು ಒಪ್ಪಿಸಿದವರಿಗೆ ಮಾತ್ರ ಹೊಸದು ಸಿಗುತ್ತಿತ್ತು. ಆ ವಾಸನೆಯನ್ನು ಯಾರೂ ನೆನೆಸಿಕೊಂಡು ಹಂಬಲಿಸಬೇಕಾಗಿಲ್ಲ. ಆದರೆ ಆ ಶಿಸ್ತು ತಾನಾಗಿ ಬಂದದ್ದಕ್ಕೆ ಕಾರಣ ಪ್ರತಿ ತೆಗೆಯುವ ಬಾಗಿಲು ಒಂದೇ ಇದ್ದದ್ದು ಎಂಬುದನ್ನು ಗಮನಿಸಬೇಕು.

ಹಾಗಾಗಿ ನನ್ನ ಮೊದಲ ಸಲಹೆ: ಡ್ರಾಯಿಂಗ್ ಮುದ್ರಿಸುವ ಅವಕಾಶವನ್ನು ನಾಲ್ಕು ಕಡೆಯಿಂದ ಒಂದು ಕಡೆಗೆ ತನ್ನಿ. ಉಳಿದವರು ತೆರೆಯ ಮೇಲೆ ನೋಡಲಿ. ಆ ಒಂದು ಕಡೆಯಿಂದ ಹೊರಡುವ ಪ್ರತಿಯೊಂದು ಹಾಳೆಗೂ ಚೆಕ್ ಪುಸ್ತಕದ ಹಾಳೆಗಿರುವಂತೆ ಕ್ರಮಸಂಖ್ಯೆ ಇರಲಿ. ರಿಜಿಸ್ಟರಿನಲ್ಲಿ ಡ್ರಾಯಿಂಗ್ ಸಂಖ್ಯೆ, ರಿವಿಷನ್, ಪ್ರತಿಯ ಸಂಖ್ಯೆ, ಪಡೆದವರ ರುಜು, ಹಿಂದಿರುಗಿದ ದಿನ, ನಾಶವಾದ ದಿನ ಇವಿಷ್ಟು ಕಲಂಗಳಿದ್ದರೆ ಸಾಕು. ಇದಕ್ಕೆ ಒಂದು ಉದ್ದನೆಯ ನೋಟ್‌ಬುಕ್ಕೇ ಸಾಕಾಗುತ್ತದೆ.

ಸರ್ವರ್_ಕೋಣೆ:

ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಜೊತೆಗೆ, ಖರ್ಚಿಲ್ಲದೆ ಆಗುವ ಒಂದು ಕೆಲಸವನ್ನು ಸೇರಿಸುತ್ತೇನೆ. ನಿಮ್ಮ ಪ್ರಿಂಟರುಗಳು ವಿಂಡೋಸ್ ಪ್ರಿಂಟ್ ಸರ್ವರ್ ಮೂಲಕ ಹೋಗುತ್ತಿದ್ದರೆ, ಯಾರು, ಯಾವ ಕಡತವನ್ನು, ಯಾವ ಪ್ರಿಂಟರಿಗೆ, ಎಷ್ಟು ಪುಟ ಕಳಿಸಿದರು ಎಂಬುದನ್ನು ವ್ಯವಸ್ಥೆ ತಾನೇ ದಾಖಲಿಸಬಲ್ಲದು. ಇವೆಂಟ್ ವ್ಯೂವರಿನಲ್ಲಿ ಪ್ರಿಂಟ್ ಸರ್ವಿಸ್ ಎಂಬ ವಿಭಾಗದ ಆಪರೇಷನಲ್ ಲಾಗಿನಲ್ಲಿ 307ನೇ ಸಂಖ್ಯೆಯ ಘಟನೆಯಾಗಿ ಇದು ಬರೆದುಕೊಳ್ಳುತ್ತದೆ. ಆದರೆ ಆ ಲಾಗ್ ಮೊದಲಿನಿಂದ ಆಫ್ ಆಗಿರುತ್ತದೆ, ನಾವೇ ಆನ್ ಮಾಡಬೇಕು. ಅಲ್ಲದೆ, ಕಡತದ ಹೆಸರು ಲಾಗಿನಲ್ಲಿ ಕಾಣಬೇಕಾದರೆ ಗ್ರೂಪ್ ಪಾಲಿಸಿಯಲ್ಲಿ ಅದಕ್ಕೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕು. ಕೊಡದಿದ್ದರೆ ಎಲ್ಲ ಸಾಲುಗಳಲ್ಲೂ ಒಂದೇ ಸಾಮಾನ್ಯ ಹೆಸರು ಕಾಣುತ್ತದೆ. ಲಾಗಿನ ಗಾತ್ರವನ್ನೂ ಹೆಚ್ಚಿಸಿಡಿ, ಇಲ್ಲವಾದರೆ ಹಳೆಯ ಸಾಲುಗಳು ಅಳಿಸಿಹೋಗುತ್ತವೆ.

ಇದು ಹಿಂದಿನ ಲೆಕ್ಕವನ್ನು ತಂದುಕೊಡುವುದಿಲ್ಲ. ಇಂದಿನಿಂದ ಮುಂದಿನದನ್ನು ಮಾತ್ರ ಕೊಡುತ್ತದೆ. ಜೆರಾಕ್ಸ್ ಮಾಡಿದ ಪ್ರತಿಯನ್ನೂ ಇದು ಹಿಡಿಯುವುದಿಲ್ಲ.

ಜೆರಾಕ್ಸ್ ಎಂದಾಗ ಇನ್ನೊಂದು ಮಾತು. ಬಾಡಿಗೆಗೆ ತಂದ ದೊಡ್ಡ ಕಾಪಿಯರ್‌ಗಳಲ್ಲಿ ಬಹಳಷ್ಟಕ್ಕೆ ಹಾರ್ಡ್‌ಡಿಸ್ಕ್ ಇರುತ್ತದೆ, ಮುದ್ರಿಸಿದ ಮತ್ತು ಸ್ಕ್ಯಾನ್ ಮಾಡಿದ ಪುಟಗಳ ಬಿಂಬ ಅದರಲ್ಲಿ ಉಳಿಯಬಹುದು. ಅಮೆರಿಕದ ಸಿಬಿಎಸ್ ವಾಹಿನಿ 2010ರಲ್ಲಿ ಬಳಸಿ ಬಿಟ್ಟ ಕಾಪಿಯರ್‌ಗಳನ್ನು ಕೊಂಡು ಅವುಗಳೊಳಗಿನ ದಾಖಲೆಗಳನ್ನು ತೆಗೆದು ತೋರಿಸಿತು. ಅವುಗಳಲ್ಲೊಂದನ್ನು ಬಾಡಿಗೆಗೆ ಬಳಸಿದ್ದ ಅಫಿನಿಟಿ ಎಂಬ ಆರೋಗ್ಯ ವಿಮಾ ಸಂಸ್ಥೆ, ಡಿಸ್ಕ್ ಅಳಿಸದೆ ಯಂತ್ರ ಹಿಂದಿರುಗಿಸಿದ ಕಾರಣಕ್ಕೆ, 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ಹಣ ತೆರಬೇಕಾಯಿತು. ಅಲ್ಲಿದ್ದದ್ದು ರೋಗಿಗಳ ಮಾಹಿತಿ, ನಮ್ಮಲ್ಲಿರುವುದು ಡ್ರಾಯಿಂಗ್. ಬಾಡಿಗೆ ಒಪ್ಪಂದ ಮುಗಿಯುವಾಗ ಡಿಸ್ಕ್ ನಮಗೇ ಬಿಟ್ಟುಕೊಡಬೇಕು ಅಥವಾ ನಮ್ಮೆದುರೇ ಅಳಿಸಬೇಕು ಎಂಬ ಷರತ್ತನ್ನು ಈಗಲೇ ಸೇರಿಸಿಕೊಳ್ಳಿ. ಹಾಳೆಯನ್ನು ಚೂರು ಮಾಡಿ ಡಿಸ್ಕನ್ನು ಹಾಗೆಯೇ ಕಳಿಸುವುದರಲ್ಲಿ ಅರ್ಥವಿಲ್ಲ.

ಕಾಗದಮುಕ್ತ:

ಇಷ್ಟೆಲ್ಲ ಏಕೆ? ಪ್ರತಿ ಯಂತ್ರದ ಪಕ್ಕ ಒಂದು ಟ್ಯಾಬ್ಲೆಟ್ ಇಟ್ಟುಬಿಡಿ, ಪ್ರಿಂಟರನ್ನೇ ತೆಗೆಯಿರಿ. ಮುದ್ರಣವೇ ಇಲ್ಲದ ಮೇಲೆ ನಾಶದ ಪ್ರಶ್ನೆಯೇ ಬರುವುದಿಲ್ಲ.

ಲೇತ್_ಮೇಷ್ಟ್ರು:

ಕಾಗದಮುಕ್ತ ಅವರ ಮಾತು ತಪ್ಪಲ್ಲ, ಆದರೆ ಅದನ್ನು ಶಾಪ್ ಫ್ಲೋರಿನಲ್ಲಿ ನಿಂತು ಹೇಳಿದಂತೆ ಕಾಣುವುದಿಲ್ಲ. ಎ1 ಅಳತೆಯ ಹಾಳೆಯಲ್ಲಿರುವ ಆರು ನೋಟಗಳನ್ನು ಹತ್ತು ಇಂಚಿನ ತೆರೆಯಲ್ಲಿ ಹಿಗ್ಗಿಸುತ್ತ, ಸರಿಸುತ್ತ ಓದುವಾಗ ಒಂದು ನೋಟದಲ್ಲಿರುವ ಅಳತೆ ಇನ್ನೊಂದು ನೋಟದ ಟಿಪ್ಪಣಿಗೆ ಸಂಬಂಧಿಸಿದ್ದು ಎಂಬುದು ಕಣ್ಣಿನಿಂದ ಜಾರಿಹೋಗುತ್ತದೆ. ಕೂಲಂಟ್ (ಕತ್ತರಿಸುವಾಗ ತಂಪಾಗಿಡಲು ಸುರಿಸುವ ದ್ರವ) ಮೆತ್ತಿದ ಕೈಗವಸಿಗೆ ಟಚ್ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ದೊಡ್ಡ ತೆರೆ ಹಾಕಿದ ಘಟಕಗಳಲ್ಲಿ ಇದು ಚೆನ್ನಾಗಿ ನಡೆಯುತ್ತಿದೆ ಎಂಬುದನ್ನೂ ನೋಡಿದ್ದೇನೆ, ಹಾಗಾಗಿ ವಿರೋಧಕ್ಕಾಗಿ ವಿರೋಧಿಸುತ್ತಿಲ್ಲ.

ನಾನು ಹೇಳಬೇಕೆಂದಿರುವುದು ಬೇರೆ. ಆಪರೇಟರುಗಳು ಹಳೆಯ ಡ್ರಾಯಿಂಗನ್ನು ಏಕೆ ಬಚ್ಚಿಡುತ್ತಾರೆ ಎಂದು ಯಾರಾದರೂ ಕೇಳಿದ್ದೀರಾ? ಹಠಕ್ಕಲ್ಲ, ಅಲಕ್ಷ್ಯಕ್ಕೂ ಅಲ್ಲ. ಆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಕೆಲವು ಸಾಲುಗಳಿರುತ್ತವೆ: ಈ ಬೋರ್ ಮಾಡುವಾಗ ಇನ್ಸರ್ಟ್ ಇಷ್ಟು ಪೀಸಿಗೆ ತಿರುಗಿಸಬೇಕು, ಈ ತೆಳು ಗೋಡೆಯನ್ನು ಜಾ (ಪೀಸ್ ಹಿಡಿಯುವ ಹಲ್ಲು) ಬಿಗಿದಾಗ ಅಳೆದರೆ ಸರಿ ಬರುತ್ತದೆ, ಬಿಟ್ಟ ಮೇಲೆ ಅಂಡಾಕಾರವಾಗುತ್ತದೆ, ಈ ಚೇಂಫರನ್ನು ಗ್ರಾಹಕರ ತಪಾಸಕರು ಪ್ರತಿ ಸಲ ನೋಡುತ್ತಾರೆ. ಹೊಸ ರಿವಿಷನ್ನಿನ ಬಿಳಿ ಹಾಳೆಯಲ್ಲಿ ಇದೊಂದೂ ಇರುವುದಿಲ್ಲ. ನೀವು ಬಂದು ಹಳೆಯದನ್ನು ಕಿತ್ತುಕೊಂಡು ಹೊಸದನ್ನು ಕೊಟ್ಟರೆ, ಆಪರೇಟರ್ ಹಳೆಯದರ ಒಂದು ಪ್ರತಿಯನ್ನು ಟೂಲ್‌ಬಾಕ್ಸಿನ ತಳದಲ್ಲಿ ಇಟ್ಟುಕೊಳ್ಳುತ್ತಾರೆ, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಅವರ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತೀರಿ.

ಆದ್ದರಿಂದ ಹಳೆಯ ಹಾಳೆಯನ್ನು ಹಿಂದಕ್ಕೆ ಪಡೆಯುವ ಮುನ್ನ ಅದರ ಮೇಲಿನ ಬರಹವನ್ನು ಓದಿ. ಕೆಲಸಕ್ಕೆ ಬರುವುದನ್ನು ಸೆಟಪ್ ಶೀಟಿಗೋ ವರ್ಕ್ ಇನ್‌ಸ್ಟ್ರಕ್ಷನ್ನಿಗೋ ಸೇರಿಸಿ, ಬರೆದವರ ಹೆಸರನ್ನೂ ಅಲ್ಲಿ ಹಾಕಿ. ಹೀಗೆ ಮಾಡಿದ ಘಟಕಗಳಲ್ಲಿ ಹಾಳೆಗಳು ಕೇಳದೆಯೇ ಹಿಂದೆ ಬರುತ್ತವೆ. ಆ ಬರಹದಲ್ಲಿ ಡ್ರಾಯಿಂಗಿನ ಅಳತೆಯನ್ನೇ ತಿದ್ದಿದ್ದರೆ ಮಾತ್ರ ಅದು ಬೇರೆ ವಿಷಯ. ಅದನ್ನು ಎಂಜಿನಿಯರಿಂಗ್ ವಿಭಾಗಕ್ಕೆ ಒಯ್ಯಲೇಬೇಕು, ಪೆನ್ಸಿಲ್ ತಿದ್ದುಪಡಿಯ ಮೇಲೆ ಮಾಲು ಹೋಗಬಾರದು.

ಹುಡುಕಾಟಕ್ಕೆ ಒಳ್ಳೆಯ ಕಾಲ ಆಯುಧ ಪೂಜೆಯ ಮುಂಚಿನ ವಾರ. ಯಂತ್ರ ತೊಳೆದು, ಬೀರು ಖಾಲಿ ಮಾಡಿ, ಬೆಂಚಿನ ಕೆಳಗೂ ಗುಡಿಸುವುದು ವರ್ಷದಲ್ಲಿ ಆಗ ಮಾತ್ರ. ಆ ಶುಚಿ ಮಾಡುವ ಹೊತ್ತಿನಲ್ಲೇ ಅತಿ ಹೆಚ್ಚು ಹಳೆಯ ಡ್ರಾಯಿಂಗ್‌ಗಳು ಗೇಟಿನ ಹೊರಗಿನ ರದ್ದಿಗೂ ಹೋಗುತ್ತವೆ. ಗುಣಮಟ್ಟ ವಿಭಾಗದವರು ಒಂದು ಬೀಗವಿರುವ ಪೆಟ್ಟಿಗೆ ಹಿಡಿದು ಆ ವಾರ ಶಾಪಿನಲ್ಲೇ ಇರುವುದು ಒಳ್ಳೆಯದು.

ಪೀಣ್ಯ_ಕ್ಯೂಎ:

ಮೇಷ್ಟ್ರೇ, ಪೆನ್ಸಿಲ್ ಬರಹದ ವಿಷಯವನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ, ಧನ್ಯವಾದಗಳು. ಇನ್ನೊಂದು ಪ್ರಶ್ನೆ. ಮುದ್ರಿಸಿದ ಪ್ರತಿ ನಿಯಂತ್ರಿತವಲ್ಲ (ಅಂದರೆ ಹೊಸ ರಿವಿಷನ್ ಬಂದಾಗ ಇದನ್ನು ಬದಲಿಸುವ ಹೊಣೆ ಯಾರದ್ದೂ ಅಲ್ಲ) ಎಂಬ ಸಾಲನ್ನು ಪ್ರತಿ ಹಾಳೆಯ ಕೆಳಗೆ ತಾನಾಗಿ ಅಚ್ಚಾಗುವಂತೆ ಮಾಡಿದರೆ ಸಾಕು, ಆಮೇಲೆ ಲೆಕ್ಕವಿಡುವ ಅಗತ್ಯವೇ ಬೀಳುವುದಿಲ್ಲ ಎಂದು ನಮ್ಮ ಸಲಹೆಗಾರರು ಹೇಳುತ್ತಿದ್ದಾರೆ. ಇದು ಸರಿಯೇ?

ಆಡಿಟ್_ಕಣ್ಣು:

ನಾನು ಹಲವು ವರ್ಷಗಳಿಂದ ಗುಣಮಟ್ಟ ವ್ಯವಸ್ಥೆಗಳ ಆಡಿಟ್ ಮಾಡುತ್ತಿದ್ದೇನೆ. ಆ ಸಾಲನ್ನು ಎಷ್ಟೋ ಕಡೆ ಕಂಡಿದ್ದೇನೆ, ಅದರ ಮೇಲೆ ನನಗಿರುವ ನಂಬಿಕೆ ಕಡಿಮೆ. ಯಂತ್ರದ ಮುಂದೆ ಕ್ಲಿಪ್ ಹಾಕಿದ ಹಾಳೆಯ ಕೆಳಗೆ ಇದು ನಿಯಂತ್ರಿತವಲ್ಲ ಎಂದು ಬರೆದಿದೆ, ಆದರೆ ಅದೇ ಹಾಳೆಯನ್ನು ನೋಡಿ ಪೀಸ್ ತಯಾರಾಗುತ್ತಿದೆ. ಹಾಗಾದರೆ ಉತ್ಪಾದನೆ ನಡೆಯುತ್ತಿರುವುದು ಅನಿಯಂತ್ರಿತ ದಾಖಲೆಯ ಮೇಲೆ ಎಂದು ಘಟಕವೇ ಒಪ್ಪಿಕೊಂಡಂತಾಯಿತು. ಕಚೇರಿಯ ಕಾರ್ಯವಿಧಾನದ ಪುಟಗಳಿಗೆ ಆ ಸಾಲು ಸರಿ, ಡ್ರಾಯಿಂಗಿಗಲ್ಲ.

ಮಾನದಂಡ ಏನನ್ನು ಕೇಳುತ್ತದೆ ಎಂಬುದನ್ನೂ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಇಲ್ಲದ ಭಾರವನ್ನು ಹೊತ್ತುಕೊಳ್ಳುವ ಘಟಕಗಳೂ ಇವೆ. ಗುಣಮಟ್ಟ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2008ರ ಆವೃತ್ತಿಯಲ್ಲಿ 4.2.3ನೇ ಕಲಮು ರದ್ದಾದ ದಾಖಲೆಗಳ ಅನುದ್ದೇಶಿತ ಬಳಕೆಯನ್ನು ತಡೆಯಬೇಕೆಂದು ನೇರವಾಗಿ ಹೇಳುತ್ತಿತ್ತು, ಅದಕ್ಕೊಂದು ಲಿಖಿತ ಕಾರ್ಯವಿಧಾನವನ್ನೂ ಕೇಳುತ್ತಿತ್ತು. 2015ರ ಆವೃತ್ತಿಯ 7.5.3 ಅದನ್ನೇ ಸಡಿಲವಾದ ಮಾತುಗಳಲ್ಲಿ ಹೇಳುತ್ತದೆ: ಬೇಕಾದ ಕಡೆ ಬೇಕಾದಾಗ ದೊರೆಯಬೇಕು, ಸಾಕಷ್ಟು ರಕ್ಷಣೆ ಇರಬೇಕು, ಹಂಚಿಕೆ, ಬದಲಾವಣೆ, ಉಳಿಸಿಕೊಳ್ಳುವಿಕೆ ಮತ್ತು ವಿಲೇವಾರಿಯ ಮೇಲೆ ಹಿಡಿತವಿರಬೇಕು, ಗ್ರಾಹಕರಿಂದ ಬಂದ ಡ್ರಾಯಿಂಗಿನಂಥ ಹೊರಗಿನ ದಾಖಲೆಗಳಿಗೂ ಇದು ಅನ್ವಯಿಸಬೇಕು. ಹಾಳೆಗೆ ಕೆಂಪು ಮೊಹರು, ನೀಲಿ ಮೊಹರು ಒತ್ತಬೇಕೆಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ವಿಮಾನೋದ್ಯಮದ ಎಎಸ್ 9100 ಡಿ ಮಾತ್ರ ಹಳೆಯ ಷರತ್ತನ್ನು ಉಳಿಸಿಕೊಂಡಿದೆ: ರದ್ದಾದದ್ದನ್ನು ತೆಗೆಯಬೇಕು, ಯಾವುದಾದರೂ ಉದ್ದೇಶಕ್ಕೆ ಇಟ್ಟುಕೊಂಡರೆ ಅದು ರದ್ದಾದದ್ದೆಂದು ಗುರುತಾಗುವಂತಿರಬೇಕು. ವಾಹನೋದ್ಯಮದ ಐಎಟಿಎಫ್ 16949ರಲ್ಲಿ ಗ್ರಾಹಕರ ಎಂಜಿನಿಯರಿಂಗ್ ಬದಲಾವಣೆಯನ್ನು ಸೂಚನೆ ಬಂದ 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕೆಂಬ ನಿರೀಕ್ಷೆಯಿದೆ. ನೀವು ಎರಡೂ ಕ್ಷೇತ್ರಗಳಿಗೆ ಕೆಲಸ ಮಾಡುವುದರಿಂದ ಇವೆರಡನ್ನೂ ನೋಡಿಕೊಳ್ಳಬೇಕು.

ಹಾಳೆಯ ಕೆಳಗೆ ಏನಾದರೂ ಅಚ್ಚಾಗಲೇಬೇಕೆಂದರೆ ಮುದ್ರಿಸಿದವರ ಹೆಸರು, ದಿನಾಂಕ, ಸಮಯ ಮತ್ತು ಜಾಬ್ ಕಾರ್ಡ್ (ಮಾಲಿನ ಜೊತೆ ಸಾಗುವ ಕೆಲಸದ ಚೀಟಿ) ಸಂಖ್ಯೆ ಅಚ್ಚಾಗಲಿ. ಆ ಜಾಬ್ ಕಾರ್ಡ್ ಮುಗಿದ ದಿನವೇ ಹಾಳೆಯ ಆಯುಸ್ಸೂ ಮುಗಿಯಲಿ. ಕಾರ್ಡಿನ ಜೊತೆಗೇ ಅದು ತಪಾಸಣೆಗೆ ಬರಲಿ. ಇಷ್ಟಾದರೆ ಹಾಳೆಯನ್ನು ಹುಡುಕಿಕೊಂಡು ಹೋಗುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.

ಕಾಗದಮುಕ್ತ:

ಹಾಗಾದರೆ ಒಂದು ಕ್ಯೂಆರ್ ಕೋಡ್ ಹಾಕಿ. ಸ್ಕ್ಯಾನ್ ಮಾಡಿದಾಗ ಇದು ಇತ್ತೀಚಿನ ರಿವಿಷನ್ ಅಲ್ಲದಿದ್ದರೆ ಕೆಂಪು ಬಣ್ಣ ತೋರಿಸಲಿ.

ಹಳೇ_ಡ್ರಾಫ್ಟ್ಸ್‌ಮನ್:

ಕ್ಯೂಆರ್ ಕೋಡ್ ಒಳ್ಳೆಯದೇ, ಆದರೆ ಅದು ಯಾವುದರೊಡನೆ ಹೋಲಿಸುತ್ತದೆ ಎಂಬುದು ಮುಖ್ಯ. ಇತ್ತೀಚಿನ ರಿವಿಷನ್ನೇ ಯಾವಾಗಲೂ ಸರಿಯಾದ ರಿವಿಷನ್ ಎಂದು ಭಾವಿಸುವುದು ಹಲವರಿಗೆ ಇರುವ ತಪ್ಪು ತಿಳಿವಳಿಕೆ. ಹಳೆಯ ಮಾದರಿಗೆ ಬಿಡಿಭಾಗ ಬೇಕೆಂದು ಗ್ರಾಹಕರು ರಿವಿಷನ್ ಸಿ ಪ್ರಕಾರವೇ ಆರ್ಡರ್ ಕೊಡಬಹುದು, ಅದೇ ವಾರ ಹೊಸ ಮಾದರಿಗೆ ರಿವಿಷನ್ ಇ ಪ್ರಕಾರ ಇನ್ನೊಂದು ಆರ್ಡರ್ ಇರಬಹುದು. ಎರಡೂ ಜೀವಂತ. ಇತ್ತೀಚಿನದರೊಡನೆ ಮಾತ್ರ ಹೋಲಿಸುವ ಕ್ಯೂಆರ್ ಕೋಡ್ ಇಲ್ಲಿ ಸರಿಯಾದ ಹಾಳೆಯನ್ನೇ ತಪ್ಪೆಂದು ತೋರಿಸುತ್ತದೆ, ಆಪರೇಟರ್ ಅದನ್ನು ನಂಬಿದರೆ ಇಡೀ ಲಾಟ್ ರಿಜೆಕ್ಟ್. ಹೋಲಿಕೆ ಆಗಬೇಕಾದದ್ದು ಖರೀದಿ ಆದೇಶದಲ್ಲಿ ಬರೆದ ರಿವಿಷನ್ನಿನೊಡನೆ. ಎಲ್ಲ ಡ್ರಾಯಿಂಗ್‌ಗಳ ಪಟ್ಟಿಯಾದ ಮಾಸ್ಟರ್ ಲಿಸ್ಟಿನಲ್ಲಿ ಪ್ರತಿ ರಿವಿಷನ್ನಿನ ಮುಂದೆ ಯಾವ ಆದೇಶಕ್ಕೆ ಚಾಲ್ತಿಯಲ್ಲಿದೆ ಎಂಬ ಕಲಂ ಇರಬೇಕು. ಆ ಕಲಂ ಖಾಲಿಯಾದ ದಿನ ಅದು ನಿಜವಾಗಿ ರದ್ದಾದಂತೆ, ನಾಶದ ಪೆಟ್ಟಿಗೆಗೆ ಹೋಗಬೇಕಾದದ್ದು ಆಗ.

ಔಷಧ_ದಾಖಲೆ:

ನಾನು ಔಷಧ ತಯಾರಿಕೆಯ ಕ್ಷೇತ್ರದವಳು. ನಿಮ್ಮ ಚರ್ಚೆಯನ್ನು ಓದುತ್ತಿದ್ದಾಗ ಒಂದು ಎಚ್ಚರಿಕೆಯ ಮಾತು ಹೇಳಬೇಕೆನಿಸಿತು.

ಮುದ್ರಿತ ಪ್ರತಿಯ ಲೆಕ್ಕ ಒಪ್ಪಿಸುವ ಕ್ರಮ ನಮ್ಮಲ್ಲಿ ಬಹಳ ಕಟ್ಟುನಿಟ್ಟು. ಖಾಲಿ ನಮೂನೆಯ ಹಾಳೆಯನ್ನೂ ಗುಣಮಟ್ಟ ವಿಭಾಗವೇ ಸಂಖ್ಯೆ ಹಾಕಿ ಕೊಡುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಹೊರತಂದ ದತ್ತಾಂಶ ಸಮಗ್ರತೆಯ ಮಾರ್ಗದರ್ಶಿಯಲ್ಲೂ, ಸಂಖ್ಯೆ ಹಾಕಿ ಕೊಟ್ಟ ಖಾಲಿ ನಮೂನೆಗಳನ್ನು ಕೆಲಸ ಮುಗಿದ ಮೇಲೆ ತಾಳೆ ನೋಡಬೇಕೆಂಬ ಮಾತಿದೆ. ತಪ್ಪಾಗಿ ಬರೆದ ಹಾಳೆಯನ್ನೂ ಎಸೆಯುವಂತಿಲ್ಲ. ಬದಲಿ ಹಾಳೆ ಏಕೆ ಬೇಕಾಯಿತು ಎಂಬ ಕಾರಣ ಬರೆದು ಹಾಳಾದದ್ದನ್ನೂ ಕಡತದಲ್ಲೇ ಇಡಬೇಕು.

ಎಚ್ಚರಿಕೆ ಇಲ್ಲಿದೆ. ಡ್ರಾಯಿಂಗಿನ ಪ್ರತಿ ಬೇರೆ, ದಾಖಲೆ ಬೇರೆ. ಅಳತೆಗಳನ್ನು ಬರೆಯದ ಡ್ರಾಯಿಂಗ್ ಹಾಳೆ ಕೇವಲ ಪ್ರತಿ, ರದ್ದಾದಾಗ ನಾಶಪಡಿಸಬೇಕು. ಅದೇ ಹಾಳೆಯ ಮೇಲೆ ಬಲೂನ್ ಸಂಖ್ಯೆ (ಪ್ರತಿ ಅಳತೆಯ ಪಕ್ಕ ವೃತ್ತದೊಳಗೆ ಬರೆಯುವ ಸಂಖ್ಯೆ) ಹಾಕಿ ಮೊದಲ ಪೀಸಿನ ಅಳತೆಗಳನ್ನು ಬರೆದು ತಪಾಸಕರು ರುಜು ಹಾಕಿದ ಕ್ಷಣದಿಂದ ಅದು ದಾಖಲೆಯಾಗುತ್ತದೆ, ಅದನ್ನು ನಾಶಪಡಿಸುವುದು ಅಪರಾಧಕ್ಕೆ ಸಮ. 2022ರ ಕೊನೆಯಲ್ಲಿ ಗುಜರಾತಿನ ಸಾಣಂದ್ ಬಳಿಯ ಒಂದು ಔಷಧ ಕಾರ್ಖಾನೆಗೆ ಅಮೆರಿಕದ ತಪಾಸಕರು ಹೋದಾಗ, ಹರಿದ ದಾಖಲೆಗಳು ತುಂಬಿದ ಪ್ಲಾಸ್ಟಿಕ್ ಚೀಲಗಳು ಲಾರಿಯಲ್ಲಿ ಸಿಕ್ಕಿದವು. ಅಲ್ಲಿ ಉತ್ಪಾದನೆ ನಿಂತದ್ದರ ಪರಿಣಾಮವಾಗಿ 2023ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಕ್ಕೆ ಕೊರತೆಯೇ ಬಂತು. ನೀವು ನಾಶದ ಪೆಟ್ಟಿಗೆ ಇಡುವಾಗ, ಅದರೊಳಗೆ ಹೋಗುವ ಪ್ರತಿ ಹಾಳೆಯ ಎರಡೂ ಬದಿಯನ್ನು ಯಾರಾದರೊಬ್ಬರು ನೋಡುವ ವ್ಯವಸ್ಥೆ ಮಾಡಿ. ಅಳತೆ ಬರೆದ ಒಂದು ಹಾಳೆ ಚೂರಾಗಿ ಹೋದರೂ, ಅದನ್ನು ಉದ್ದೇಶಪೂರ್ವಕವಾಗಿ ಮಾಡಿಲ್ಲವೆಂದು ತೋರಿಸುವುದು ಬಹಳ ಕಷ್ಟ.

ಜಾಬ್‌ವರ್ಕ್_ರಾಜಾಜಿನಗರ:

ನೀವೆಲ್ಲ ಘಟಕದ ಒಳಗಿನ ಮಾತಾಡುತ್ತಿದ್ದೀರಿ. ನಾವು ಹೊರಗಿನವರು, ನಿಮ್ಮಂಥವರಿಗೆ ಗ್ರೈಂಡಿಂಗ್ ಮತ್ತು ಲೇಪನದ ಕೆಲಸ ಮಾಡಿಕೊಡುವವರು. ನಮ್ಮ ಅನುಭವವನ್ನೂ ಕೇಳಿ.

ಮಾಲು ಡೆಲಿವರಿ ಚಲನ್ ಜೊತೆ ಬರುತ್ತದೆ, ಅದಕ್ಕೆ ಲೆಕ್ಕವಿದೆ, ಒಂದು ಪೀಸ್ ಕಡಿಮೆಯಾದರೂ ಫೋನ್ ಬರುತ್ತದೆ. ಡ್ರಾಯಿಂಗ್ ಬರುವುದು ವಾಟ್ಸಾಪಿನಲ್ಲಿ, ವಾರೆಯಾಗಿ ತೆಗೆದ ಫೋಟೋದಲ್ಲಿ, ಡ್ರಾಯಿಂಗ್ ಸಂಖ್ಯೆ, ರಿವಿಷನ್ ಬರೆದಿರುವ ಟೈಟಲ್ ಬ್ಲಾಕ್ ಇರುವ ಮೂಲೆಯೇ ಎಷ್ಟೋ ಸಲ ಕತ್ತರಿಸಿ ಹೋಗಿರುತ್ತದೆ. ರಿವಿಷನ್ ಯಾವುದೆಂದು ನಮಗೆ ತಿಳಿಯುವುದೇ ಇಲ್ಲ. ನಾವು ಅದನ್ನು ಪಕ್ಕದ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತೇವೆ, ಅಂದರೆ ಅಂಗಡಿಯವರ ಕಂಪ್ಯೂಟರಿನಲ್ಲೂ ಅದರ ಒಂದು ಪ್ರತಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಡ್ರಾಯಿಂಗ್ ಹಿಂದಕ್ಕೆ ಕೊಡಿ ಎಂದು ಕೇಳುವ ಗ್ರಾಹಕರು ಬಹಳ ವಿರಳ. ಹೀಗಿರುವಾಗ, ಎಲ್ಲ ಪ್ರತಿಗಳನ್ನು ನಾಶಪಡಿಸಿದ್ದೇವೆ ಎಂದು ನೀವು ಪತ್ರ ಬರೆಯುವಾಗ ನಮ್ಮ ಹತ್ತಿರ ಇರುವ ಪ್ರತಿ ನಿಮ್ಮ ಲೆಕ್ಕದಲ್ಲಿ ಇದೆಯೇ?

ನನ್ನ ಸಲಹೆ ಸುಲಭ. ಸಂಖ್ಯೆ ಹಾಕಿದ ಮುದ್ರಿತ ಪ್ರತಿಯನ್ನು ಮಾಲಿನ ಜೊತೆ ಕಳಿಸಿ, ಚಲನ್ನಿನಲ್ಲೇ ಡ್ರಾಯಿಂಗ್ ಸಂಖ್ಯೆ, ರಿವಿಷನ್, ಪ್ರತಿಯ ಸಂಖ್ಯೆ ಬರೆಯಿರಿ, ಮಾಲು ಹಿಂದಿರುಗುವಾಗ ಹಾಳೆಯೂ ಜೊತೆಗೆ ಬರಲಿ. ನಿಮ್ಮ ಸ್ಟೋರ್ಸಿನವರು ಪೀಸ್ ಎಣಿಸುವ ಹೊತ್ತಿನಲ್ಲೇ ಅದನ್ನೂ ನೋಡಿಕೊಳ್ಳಲಿ. ನಮಗೆ ಇದರಿಂದ ಯಾವ ತೊಂದರೆಯೂ ಇಲ್ಲ, ಬೇಕಾದ ಅಳತೆ ಸ್ಪಷ್ಟವಾಗಿ ಕಾಣುವ ಹಾಳೆ ಸಿಕ್ಕರೆ ನಮಗೂ ಲಾಭ. ಲೇಪನದ ದಪ್ಪ ಮತ್ತು ಮುಚ್ಚಿಡಬೇಕಾದ ಜಾಗ ಇವೆರಡೇ ನಮಗೆ ಬೇಕಾಗಿರುವಾಗ ಇಡೀ ಡ್ರಾಯಿಂಗ್ ಕಳಿಸುವ ಅಗತ್ಯವೂ ಇಲ್ಲ, ಅಷ್ಟೇ ಇರುವ ಒಂದು ಸ್ಕೆಚ್ ಸಾಕು.

ಆಡಿಟ್_ಕಣ್ಣು:

ರಾಜಾಜಿನಗರದವರು ಹೇಳಿದ್ದಕ್ಕೆ ಒಂದು ಅಂಶ ಸೇರಿಸಲೇಬೇಕು. ಪೀಣ್ಯ_ಕ್ಯೂಎ ಅವರೇ, ನಿಮ್ಮ ವಿಮಾನ ಬಿಡಿಭಾಗದ ಡ್ರಾಯಿಂಗ್ ಮೇಲೆ ಅಮೆರಿಕದ ರಫ್ತು ನಿಯಂತ್ರಣದ ಎಚ್ಚರಿಕೆಯ ಸಾಲು ಇದೆಯೇ ಎಂದು ಇಂದೇ ನೋಡಿ. ಐಟಿಎಆರ್ (ಅಮೆರಿಕದ ರಕ್ಷಣಾ ಸಾಮಗ್ರಿ ರಫ್ತು ನಿಯಮಗಳು) ಅಡಿ ಬಂದ ತಾಂತ್ರಿಕ ಮಾಹಿತಿಯನ್ನು ಅನುಮತಿಪತ್ರದಲ್ಲಿ ಹೆಸರಿಲ್ಲದ ಇನ್ನೊಂದು ಸಂಸ್ಥೆಗೆ ಕೊಡುವುದಕ್ಕೆ, ಆ ಸಂಸ್ಥೆ ಅದೇ ಊರಿನದ್ದೇ ಆಗಿದ್ದರೂ, ಮೊದಲೇ ಒಪ್ಪಿಗೆ ಬೇಕು. ಹಾಗಿದ್ದಲ್ಲಿ ಲೇಪನದವರಿಗೆ ಕಳಿಸಿದ ವಾಟ್ಸಾಪ್ ಫೋಟೋ ಬರೀ ಅಶಿಸ್ತಾಗಿ ಉಳಿಯುವುದಿಲ್ಲ, ಕಾನೂನಿನ ಉಲ್ಲಂಘನೆಯಾಗುತ್ತದೆ. ನಮ್ಮ ದೇಶದಲ್ಲೂ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೋಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯಲ್ಲಿ ವಸ್ತುಗಳ ಜೊತೆಗೆ ತಂತ್ರಜ್ಞಾನವೂ ಸೇರಿದೆ, ಡ್ರಾಯಿಂಗನ್ನು ವಿದೇಶಕ್ಕೆ ಇಮೇಲ್ ಮಾಡುವುದೂ ಅದರ ವ್ಯಾಪ್ತಿಗೆ ಬರಬಹುದು. ಇಂಥ ಡ್ರಾಯಿಂಗ್‌ಗಳಿಗೆ ಮುದ್ರಣದ ರಿಜಿಸ್ಟರೇ ಬೇರೆ ಇರಲಿ.

ಬೆಳಗಾವಿ_ಫೌಂಡ್ರಿ:

ಹಾಳೆ ಹಿಂದೆ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಇನ್ನೂ ಯಾರೂ ಬರೆದಿಲ್ಲ, ಹಾಗಾಗಿ ನಾನು ಅದನ್ನು ಹೇಳುತ್ತೇನೆ.

ಕಚೇರಿಯಲ್ಲಿರುವ ಸಾಮಾನ್ಯ ಶ್ರೆಡರ್ ಡ್ರಾಯಿಂಗಿಗೆ ಸಾಲದು. ಶ್ರೆಡರ್‌ಗಳ ಭದ್ರತಾ ಮಟ್ಟವನ್ನು ಜರ್ಮನಿಯ ಡಿಐಎನ್ 66399 ಮಾನದಂಡ ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ವಿಂಗಡಿಸುತ್ತದೆ, ಅದೇ ಈಗ ಐಎಸ್‌ಒ 21964 ಆಗಿದೆ. ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸುವ ಪಿ-2 ಯಂತ್ರದಲ್ಲಿ ಪಟ್ಟಿಯ ಅಗಲ 6 ಮಿಲಿಮೀಟರ್‌ವರೆಗೆ ಇರಬಹುದು. ಡ್ರಾಯಿಂಗಿನಲ್ಲಿ ಅಳತೆಯ ಅಕ್ಷರಗಳ ಎತ್ತರ ಸಾಮಾನ್ಯವಾಗಿ 2.5 ಅಥವಾ 3.5 ಮಿಲಿಮೀಟರ್. ಅಂದರೆ ಸಾಲುಗಳು ಪಟ್ಟಿಯ ಉದ್ದಕ್ಕೆ ಬರುವಂತೆ ಹಾಳೆಯನ್ನು ತೂರಿಸಿದರೆ, ಟಾಲರೆನ್ಸ್ (ಅಳತೆಯಲ್ಲಿ ಅನುಮತಿಸಿದ ವ್ಯತ್ಯಾಸ) ಸಮೇತ ಇಡೀ ಅಳತೆ ಒಂದು ಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಪಿ-4ರಲ್ಲಿ ಒಂದು ಚೂರು 160 ಚದರ ಮಿಲಿಮೀಟರ್ ಮೀರುವಂತಿಲ್ಲ, ಪಿ-5ರಲ್ಲಿ 30 ಚದರ ಮಿಲಿಮೀಟರ್, ಅಗಲ 2 ಮಿಲಿಮೀಟರ್. ಸಾಮಾನ್ಯ ಡ್ರಾಯಿಂಗಿಗೆ ಪಿ-4 ಸಾಕು, ಮೇಲೆ ಹೇಳಿದ ರಫ್ತು ನಿಯಂತ್ರಣದ ಹಾಳೆಗಳಿಗೆ ಪಿ-5 ಲೇಸು. ಎ1, ಎ0 ಹಾಳೆ ಕಚೇರಿ ಶ್ರೆಡರಿನ ಬಾಯಿಗೆ ಹಿಡಿಸುವುದಿಲ್ಲ. ಎಂಟು ಮಡಿಕೆ ಮಾಡಿ ತುರುಕಿದರೆ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ, ಮೊದಲೇ ಎ4 ಅಗಲಕ್ಕೆ ಕತ್ತರಿಸಿಕೊಳ್ಳಬೇಕು.

ಎಣ್ಣೆ, ಕೂಲಂಟ್ ಹೀರಿದ ಹಾಳೆಯನ್ನು ಶ್ರೆಡರಿಗೂ ಹಾಕಬೇಡಿ, ರದ್ದಿಗೂ ಕೊಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಎಣ್ಣೆಯುಳ್ಳ ತ್ಯಾಜ್ಯಕ್ಕೆ 5.2 ಎಂಬ ವರ್ಗವಿದೆ. ಎಣ್ಣೆ ಬಟ್ಟೆಯನ್ನು ನೀವು ಯಾವ ಅಧಿಕೃತ ಸಂಸ್ಥೆಗೆ ಕಳಿಸುತ್ತೀರೋ ಅದರ ಜೊತೆಗೇ ಇದನ್ನೂ ಕಳಿಸುವುದು ಸುರಕ್ಷಿತ, ಆದರೆ ಟೈಟಲ್ ಬ್ಲಾಕ್ ಮತ್ತು ಮುಖ್ಯ ನೋಟವನ್ನು ಮೊದಲು ಕತ್ತರಿಯಿಂದ ತುಂಡು ಮಾಡಿ. ಎಣ್ಣೆಯಿಂದ ಕಾಪಾಡಲೆಂದು ಲ್ಯಾಮಿನೇಟ್ ಮಾಡಿಸುವ ಪದ್ಧತಿ ನನಗೆ ಇಷ್ಟವಿಲ್ಲ. ಲ್ಯಾಮಿನೇಟ್ ಆದ ಹಾಳೆ ಎಷ್ಟು ರಿವಿಷನ್ ಕಳೆದರೂ ಹೊಸದರಂತೆಯೇ ಕಾಣುತ್ತದೆ, ಯಾರಿಗೂ ಎಸೆಯಲು ಮನಸ್ಸು ಬರುವುದಿಲ್ಲ. ತೆಗೆದುಹಾಕಬಹುದಾದ ಪಾರದರ್ಶಕ ಚೀಲ ಸಾಕು.

ಗೋಡೆಯ ಹಿಂದೆ ರಾಶಿ ಹಾಕಿ ಬೆಂಕಿ ಹಚ್ಚುವುದು ಕೆಲವರ ರೂಢಿ. ತೆರೆದ ಜಾಗದಲ್ಲಿ ತ್ಯಾಜ್ಯ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿ, 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಗೊತ್ತುಮಾಡಿದೆ. ಅಲ್ಲದೆ ಕಾಗದದ ಕಟ್ಟು ಒಳಗೆ ಸುಡುವುದೂ ಇಲ್ಲ, ನಡುವಿನ ಹಾಳೆಗಳು ಅಂಚು ಮಾತ್ರ ಕರಕಾಗಿ ಹಾಗೆಯೇ ಉಳಿಯುತ್ತವೆ.

ಕೊನೆಯದಾಗಿ ನಮ್ಮ ಫೌಂಡ್ರಿಯವರ ಮಾತು. ಡ್ರಾಯಿಂಗ್ ರದ್ದಾದರೆ ಎರಕದ ಅಚ್ಚಿಗೆ ಬಳಸುವ ಅದರ ಪ್ಯಾಟರ್ನ್ ಮತ್ತು ಕೋರ್ ಬಾಕ್ಸ್, ಟೆಂಪ್ಲೇಟ್, ಅಳತೆ ಮಿತಿಯೊಳಗಿದೆಯೇ ಎಂದು ನೋಡುವ ಗೋ ನೋ-ಗೋ ಗೇಜ್ ಇವೂ ಅದರ ಪ್ರತಿಗಳೇ. ಹಾಳೆ ಚೂರಾಯಿತು, ಆದರೆ ಹಳೆಯ ರಿವಿಷನ್ನಿನ ಗೇಜ್ ತಪಾಸಣಾ ಮೇಜಿನ ಮೇಲೆಯೇ ಇದೆ ಎಂದಾದರೆ ಮಾಡಿದ್ದೆಲ್ಲ ವ್ಯರ್ಥ. ಅವುಗಳ ಮೇಲೂ ರಿವಿಷನ್ ಅಕ್ಷರ ಕೊರೆದಿರಬೇಕು.

ಪೀಣ್ಯ_ಕ್ಯೂಎ:

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಡ್ರಾಯಿಂಗ್‌ಗಳನ್ನು ತೆಗೆದು ನೋಡಿದೆ. ಎರಡರ ಮೇಲೆ ರಫ್ತು ನಿಯಂತ್ರಣದ ಸಾಲು ಇದೆ, ಅವುಗಳನ್ನು ಇನ್ನೂ ಹೊರಗೆ ಕಳಿಸಿಲ್ಲವೆಂದು ಖಾತರಿಯಾಗಿದೆ. ಡ್ರಾಯಿಂಗ್ ಮುದ್ರಣವನ್ನು ತಪಾಸಣಾ ಕೋಣೆಯ ಒಂದೇ ಪ್ರಿಂಟರಿಗೆ ಸೀಮಿತಗೊಳಿಸಲು ಆಡಳಿತ ವರ್ಗ ಒಪ್ಪಿದೆ. ಲಾಗ್ ಆನ್ ಆಗಿದೆ. ರಾತ್ರಿ ಶಿಫ್ಟಿನಲ್ಲಿ ಹಾಳೆ ಹರಿದರೆ ಹೊಸದು ಕೊಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಶಿಫ್ಟ್ ಸೂಪರ್‌ವೈಸರಿಗೆ ಆ ಅಧಿಕಾರ ಕೊಟ್ಟು, ಹರಿದ ತುಂಡನ್ನು ರಿಜಿಸ್ಟರಿಗೆ ಅಂಟಿಸಬೇಕೆಂದು ತೀರ್ಮಾನಿಸಿದ್ದೇವೆ.

ಆದರೆ ನನ್ನ ಮೊದಲ ಪ್ರಶ್ನೆ ಹಾಗೆಯೇ ಇದೆ. ಇಂದಿನ ತನಕ ಲೆಕ್ಕವಿಲ್ಲದೆ ಹೊರಬಿದ್ದ ಹಾಳೆಗಳ ವಿಷಯದಲ್ಲಿ ಗ್ರಾಹಕರಿಗೆ ಏನೆಂದು ಬರೆಯಲಿ?

ಆಡಿಟ್_ಕಣ್ಣು:

ತಿಳಿದಿರುವಷ್ಟನ್ನೇ ಬರೆಯಿರಿ. ಪತ್ರವನ್ನು ಎರಡು ಭಾಗ ಮಾಡಿ. ಮೊದಲನೆಯದರಲ್ಲಿ, ಸಂಖ್ಯೆ ಹಾಕಿ ಕೊಡುವ ಕ್ರಮ ಇಂಥ ದಿನಾಂಕದಿಂದ ಜಾರಿಗೆ ಬಂದಿದೆ, ಆ ನಂತರ ಈ ರಿವಿಷನ್ನಿನ ಇಷ್ಟು ಪ್ರತಿಗಳು ಹೊರಟವು, ಇಷ್ಟು ಹಿಂದೆ ಬಂದವು, ಇಂಥ ದಿನ ಇಂಥ ಮಟ್ಟದ ಶ್ರೆಡರಿನಲ್ಲಿ ಇಬ್ಬರ ಸಮಕ್ಷಮದಲ್ಲಿ ನಾಶವಾದವು ಎಂದು ರಿಜಿಸ್ಟರಿನ ಪುಟ ಸಂಖ್ಯೆಯೊಂದಿಗೆ ಬರೆಯಿರಿ. ಎರಡನೆಯದರಲ್ಲಿ, ಆ ದಿನಾಂಕಕ್ಕೂ ಹಿಂದಿನ ಪ್ರತಿಗಳಿಗೆ ಸಂಖ್ಯೆ ಇರಲಿಲ್ಲ, ಇಂತಿಂಥ ವಿಭಾಗಗಳಲ್ಲಿ ಮತ್ತು ಇಂತಿಂಥ ಜಾಬ್‌ವರ್ಕ್ ಘಟಕಗಳಲ್ಲಿ ಹುಡುಕಲಾಗಿದೆ, ಸಿಕ್ಕಿದ ಇಷ್ಟು ಹಾಳೆಗಳು ನಾಶವಾಗಿವೆ, ಜಾಬ್‌ವರ್ಕ್ ಘಟಕಗಳಿಂದ ಲಿಖಿತ ಉತ್ತರ ಪಡೆಯಲಾಗಿದೆ ಎಂದು ಬರೆಯಿರಿ. ಎಲ್ಲ ಪ್ರತಿಗಳು ಎಂಬ ಮಾತನ್ನು ಎರಡನೆಯ ಭಾಗದಲ್ಲಿ ಬಳಸಬೇಡಿ, ಪತ್ತೆಯಾದ ಪ್ರತಿಗಳು ಎಂದು ಬರೆಯಿರಿ.

ಗ್ರಾಹಕರು ತಮ್ಮ ಅಚ್ಚಾದ ನಮೂನೆಗೇ ರುಜು ಹಾಕಬೇಕೆಂದು ಒತ್ತಾಯಿಸಿದರೆ, ಈ ಪತ್ರವನ್ನು ಅದಕ್ಕೆ ಅನುಬಂಧವಾಗಿ ಸೇರಿಸಿ, ರುಜುವಿನ ಪಕ್ಕದಲ್ಲಿ ಅನುಬಂಧಕ್ಕೆ ಒಳಪಟ್ಟು ಎಂದು ಕೈಯಿಂದ ಬರೆಯಿರಿ. ಸಾಮಾನ್ಯವಾಗಿ ಅವರ ಗುಣಮಟ್ಟ ವಿಭಾಗದವರು ಇದನ್ನು ಒಪ್ಪುತ್ತಾರೆ, ಏಕೆಂದರೆ ಅವರ ಆಡಿಟಿನಲ್ಲೂ ಇದೇ ಪ್ರಶ್ನೆ ಬರುತ್ತದೆ. ಖರೀದಿ ವಿಭಾಗದ ಮೂಲಕ ಕಳಿಸದೆ ನೇರವಾಗಿ ಗುಣಮಟ್ಟ ವಿಭಾಗಕ್ಕೆ ಕಳಿಸಿ, ಖರೀದಿಯವರಿಗೆ ಪ್ರತಿ ಹಾಕಿದರೆ ಸಾಕು.